ಹಾಸನದ ಹೃದಯಾಘಾತದ ಸುದ್ದಿಯಲ್ಲಿ ಕಳೆದುಹೋದ ಒಂದು ಪದ: ಬೊಜ್ಜು

2025ರ ಜೂನ್ ತಿಂಗಳು ನೆನಪಿದೆಯಾ? ಟಿವಿ ಹಾಕಿದರೆ ಸಾಕು, ‘ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಂದು ಬಲಿ’. ಒಂದು ದಿನ ಹೊಳೆನರಸೀಪುರ, ಇನ್ನೊಂದು ದಿನ ಅರಕಲಗೂಡು, ಮತ್ತೊಂದು ದಿನ ಚನ್ನರಾಯಪಟ್ಟಣ. ಸತ್ತವರಲ್ಲಿ ಇಪ್ಪತ್ತು, ಮೂವತ್ತರ ಆಸುಪಾಸಿನವರೂ ಇದ್ದರು. ಊರಿಂದ ಅಮ್ಮ ಫೋನ್ ಮಾಡಿ, ‘ಒಂದ್ಸಲ ಎದೆ ತೋರಿಸ್ಕೊಂಡು ಬಾರಪ್ಪ, ದುಡ್ಡಿನ ಮುಖ ನೋಡಬೇಡ’ ಅಂದರು. ಅಮ್ಮ ಒಬ್ಬರೇ ಅಲ್ಲ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತರು. ಕೊನೆಗೆ ವೈದ್ಯರೇ ‘ಗಾಬರಿಯಾಗಿ ಬರಬೇಡಿ’ ಅಂತ ಕೈಮುಗಿಯಬೇಕಾಯಿತು.

ಕಾರಣ ಏನು ಅನ್ನೋ ಪ್ರಶ್ನೆಗೆ ಆಗ ಎಲ್ಲರ ಬಳಿಯೂ ಉತ್ತರ ಇತ್ತು. ಕೋವಿಡ್ ಲಸಿಕೆ ಅಂದರು ಕೆಲವರು. ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಆ ಅನುಮಾನಕ್ಕೆ ದನಿ ಕೊಟ್ಟರು, ಕೇಂದ್ರ ಆರೋಗ್ಯ ಸಚಿವಾಲಯ ಅಲ್ಲಗಳೆಯಿತು. ಅಲ್ಲಿಗೆ ವಿಷಯ ಕಾಂಗ್ರೆಸ್-ಬಿಜೆಪಿ ಜಗಳವಾಗಿ, ಎರಡು ವಾರ ಓಡಿ, ಸುಸ್ತಾಗಿ ಮಲಗಿತು.

ಆಮೇಲೆ ವರದಿ ಬಂತು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತ್ತು. ನಾಲ್ಕಕ್ಕೆ ಹೃದಯದ ಜೊತೆ ಸಂಬಂಧವೇ ಇರಲಿಲ್ಲ. ಉಳಿದ 20ರಲ್ಲಿ ಹೃದ್ರೋಗ ಅಂತ ಖಚಿತವಾದದ್ದು 10, ಇರಬಹುದು ಅಂತ ಅಂದಾಜಿಸಿದ್ದು 10. ಜಿಲ್ಲೆಯಲ್ಲಿ ಹೃದಯಾಘಾತ ದಿಢೀರನೆ ಏರಿದೆ ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಹಳೆಯ, ಬೋರು ಹೊಡೆಸುವ ಒಂದು ಪಟ್ಟಿ: ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ, ಮದ್ಯಪಾನ, ಬೊಜ್ಜು.

ಅಲ್ಲಿಗೆ ಸುದ್ದಿ ಮುಗಿಯಿತು. ಬೊಜ್ಜು ಬ್ರೇಕಿಂಗ್ ನ್ಯೂಸ್ ಆಗಲ್ಲವಲ್ಲ. ಆದರೆ ಸುದ್ದಿ ಶುರುವಾಗಬೇಕಿದ್ದದ್ದೇ ಅಲ್ಲಿಂದ ಅನ್ನೋದು ನನ್ನ ವಾದ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಆ 20 ಜನ ಬೊಜ್ಜಿನಿಂದಲೇ ಸತ್ತರು ಅಂತ ನಾನು ಹೇಳುತ್ತಿಲ್ಲ. ಒಬ್ಬೊಬ್ಬರ ಸಾವಿಗೂ ಒಂದೊಂದು ಕಥೆ ಇರುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇರುವ ಜಿಲ್ಲೆ ನಮ್ಮದು. ಬೀಡಿ, ಸಿಗರೇಟಿನ ಪಾಲನ್ನು ಮರೆಯೋ ಹಾಗಿಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಆ ಪಟ್ಟಿಯಲ್ಲಿ ತಂಬಾಕಿಗೆ ಕಾನೂನಿದೆ, ಮದ್ಯಕ್ಕೆ ಲೈಸೆನ್ಸ್ ಇದೆ, ಬಿಪಿ-ಶುಗರಿಗೆ ಮಾತ್ರೆ ಇದೆ. ಬೊಜ್ಜಿಗೆ ಏನಿದೆ? ‘ಬಾಯಿ ಕಟ್ಟು, ವಾಕಿಂಗ್ ಮಾಡು’ ಅನ್ನೋ ಉಪದೇಶ ಬಿಟ್ಟರೆ?

ಮೊದಲು ಅಳತೆ

ತೂಕವನ್ನು (ಕೆ.ಜಿ.) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ಆದರೆ ಭಾರತೀಯರಿಗೆ ನಮ್ಮ ವೈದ್ಯರು ಇಟ್ಟುಕೊಂಡಿರುವ ಗೆರೆ ಇನ್ನೂ ಕೆಳಗಿದೆ: 23 ಮತ್ತು 25. ಯಾಕೆ ಅನ್ನೋದನ್ನ ಮುಂದೆ ನೋಡೋಣ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ಹೆಂಗಸರಲ್ಲಿ ಶೇ. 23ರಷ್ಟು, ಗಂಡಸರಲ್ಲಿ ಶೇ. 22ರಷ್ಟು ಜನರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿತ್ತು. 2019–21ರ ಸಮೀಕ್ಷೆಯಲ್ಲಿ ಅದು ಹೆಂಗಸರಲ್ಲಿ ಶೇ. 30, ಗಂಡಸರಲ್ಲಿ ಶೇ. 31ರ ಹತ್ತಿರ ಬಂದಿದೆ. ಬರೀ ನಾಲ್ಕೈದು ವರ್ಷದಲ್ಲಿ ಇಷ್ಟು ಏರಿಕೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಶೇ. 17ರಷ್ಟು ಹೆಂಗಸರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹಸಿವು ಹೋಗಿ ಬೊಜ್ಜು ಬಂದಿಲ್ಲ. ಎರಡೂ ಒಟ್ಟಿಗೆ, ಎಷ್ಟೋ ಸಲ ಒಂದೇ ಮನೆಯಲ್ಲಿ, ಕೂತಿವೆ.

ಅಳತೆಗೆ ಇನ್ನೂ ಸುಲಭದ ದಾರಿ ಟೈಲರ್ ಅಂಗಡಿಯ ಟೇಪು. ಹೊಕ್ಕುಳ ಮಟ್ಟದಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಎಚ್ಚರಿಕೆಯ ಗಂಟೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದ ವಯಸ್ಕರಲ್ಲಿ ಶೇ. 39.5ರಷ್ಟು ಜನರಿಗೆ ಹೊಟ್ಟೆ ಬೊಜ್ಜಿದೆ ಅಂತ ಅಂದಾಜು ಮಾಡಿತು. ಹತ್ತರಲ್ಲಿ ನಾಲ್ಕು ಜನ. ನನ್ನದು 94 ಬಂತು. ನಾನೂ ಆ ನಾಲ್ವರಲ್ಲಿ ಒಬ್ಬ.

‘ಸೋಮಾರಿತನ’ ಅನ್ನೋ ಥಿಯರಿ ಯಾಕೆ ಸರಿಯಲ್ಲ

ಇಂಜಿನಿಯರಿಂಗ್ ಓದಿದವನಿಗೆ ಮೊದಲು ಹೊಳೆಯೋದು ಎನರ್ಜಿ ಬ್ಯಾಲೆನ್ಸ್. ಒಳಗೆ ಬಂದದ್ದು, ಹೊರಗೆ ಹೋದದ್ದು, ಮಿಕ್ಕಿದ್ದು ಕೊಬ್ಬು. ಈ ಸೂತ್ರ ಸುಳ್ಳಲ್ಲ. ಆದರೆ ಅದು ವಿವರಿಸೋದು ‘ಏನಾಯಿತು’ ಅನ್ನೋದನ್ನ, ‘ಯಾಕಾಯಿತು’ ಅನ್ನೋದನ್ನಲ್ಲ. ಬಸ್ ತುಂಬಿದೆ, ಯಾಕಂದ್ರೆ ಇಳಿದವರಿಗಿಂತ ಹತ್ತಿದವರು ಜಾಸ್ತಿ ಅಂದ ಹಾಗೆ. ಇಷ್ಟೊಂದು ಜನ ಯಾಕೆ ಹತ್ತಿದರು? ಅದು ಪ್ರಶ್ನೆ.

ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಜೊತೆಗಾರರು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ದಿನನಿತ್ಯದ ಊಟದಲ್ಲಿ ಸುಮಾರು 24 ಕ್ಯಾಲೊರಿ ಕಾಯಮ್ಮಾಗಿ ಹೆಚ್ಚಾದರೆ ತೂಕ ಕೊನೆಗೆ ಸುಮಾರು ಒಂದು ಕೆ.ಜಿ. ಏರಿ ನಿಲ್ಲುತ್ತದೆ. ಅರ್ಧ ಏರಿಕೆಗೆ ಒಂದು ವರ್ಷ, ಬಹುಪಾಲು ಏರಿಕೆಗೆ ಮೂರು ವರ್ಷ. 24 ಕ್ಯಾಲೊರಿ ಅಂದರೆ ಒಂದು ಚಮಚ ಸಕ್ಕರೆಗಿಂತ ಸ್ವಲ್ಪ ಜಾಸ್ತಿ. ದಿನಕ್ಕೆ ಮೂರು ಕಾಫಿ, ಪ್ರತಿ ಲೋಟಕ್ಕೆ ಎರಡು ಚಮಚ ಅಂತ ಹೊಸದಾಗಿ ಅಭ್ಯಾಸವಾಯಿತು ಅಂದುಕೊಳ್ಳಿ. ಉಳಿದದ್ದೆಲ್ಲ ಹಾಗೇ ಇದ್ದರೂ ಬರೀ ಆ ಸಕ್ಕರೆಯ ಲೆಕ್ಕವೇ ಐದು ಕೆ.ಜಿ. ಮುಟ್ಟುತ್ತದೆ. ಇದಕ್ಕೆ ಹೊಟ್ಟೆಬಾಕತನ ಬೇಕಿಲ್ಲ. ಗೊತ್ತೇ ಆಗದಷ್ಟು ಸಣ್ಣ ಬದಲಾವಣೆ, ಪ್ರತಿದಿನ ಇದ್ದರೆ ಸಾಕು.

ಹಾಗಾದರೆ ಇಳಿಸೋದೂ ಅಷ್ಟೇ ಸುಲಭ ಆಗಬೇಕಿತ್ತಲ್ಲ? ಆಗಲ್ಲ. ಕಾರಣ, ದೇಹ ಒಂದು ಟ್ಯಾಂಕ್ ಅಲ್ಲ, ಫೀಡ್‌ಬ್ಯಾಕ್ ಇರುವ ಕಂಟ್ರೋಲ್ ಸಿಸ್ಟಮ್. ಕೊಬ್ಬಿನ ಕೋಶಗಳು ಲೆಪ್ಟಿನ್ ಅನ್ನೋ ಹಾರ್ಮೋನ್ ಮೂಲಕ ಮಿದುಳಿಗೆ ‘ದಾಸ್ತಾನು ಇಷ್ಟಿದೆ’ ಅಂತ ತಿಳಿಸುತ್ತಿರುತ್ತವೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಕಂಡುಹಿಡಿದದ್ದು ಇದನ್ನೇ. ತೂಕ ಇಳಿದ ತಕ್ಷಣ ಮಿದುಳು ಅದನ್ನು ಬರಗಾಲ ಅಂತ ತಿಳಿಯುತ್ತದೆ. ಹಸಿವು ಏರಿಸುತ್ತದೆ, ಖರ್ಚು ಇಳಿಸುತ್ತದೆ. ಅಮೆರಿಕದ ಒಂದು ತೂಕ ಇಳಿಸುವ ಟಿವಿ ಸ್ಪರ್ಧೆಯಲ್ಲಿ ಗೆದ್ದು ಸೋತವರನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ, ಅವರ ದೇಹ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಅವರಲ್ಲಿ ಬಹುತೇಕರು ಕಳೆದುಕೊಂಡ ತೂಕದ ದೊಡ್ಡ ಪಾಲನ್ನು ವಾಪಸ್ ಪಡೆದಿದ್ದರು. ಬಾಯಿ ಕಟ್ಟಲಾಗದವರಲ್ಲ ಅವರು. ಲಕ್ಷಾಂತರ ವರ್ಷಗಳ ಹಸಿವು ಕಲಿಸಿದ ಯಂತ್ರದ ವಿರುದ್ಧ ಬರಿಗೈಲಿ ಹೋರಾಡುತ್ತಿದ್ದವರು.

ಇದರ ಜೊತೆಗೆ ವಂಶವಾಹಿ. ಅವಳಿಗಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಬಿಎಂಐ ವ್ಯತ್ಯಾಸದಲ್ಲಿ ಶೇ. 40ರಿಂದ 70ರಷ್ಟು ಹುಟ್ಟಿನಿಂದ ಬಂದದ್ದು. ಆದರೆ ಐದೇ ವರ್ಷದಲ್ಲಿ ಕರ್ನಾಟಕದ ವಂಶವಾಹಿ ಬದಲಾಗಿರೋಕೆ ಸಾಧ್ಯವಿಲ್ಲ. ಯಾರು ಮೊದಲು ದಪ್ಪ ಆಗ್ತಾರೆ ಅನ್ನೋದನ್ನ ವಂಶ ತೀರ್ಮಾನಿಸಬಹುದು. ಎಲ್ಲರೂ ಒಟ್ಟಿಗೆ ಆ ಕಡೆ ಜಾರುತ್ತಿದ್ದಾರೆ ಅಂದರೆ, ಬದಲಾಗಿರೋದು ನೆಲ.

ನಮ್ಮ ನೆಲ ಹೇಗೆ ಬದಲಾಯಿತು

ಹಾಸನ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಮ್ಮ ತಾತಂದಿರ ಕಾಲದಲ್ಲಿ ಚನ್ನರಾಯಪಟ್ಟಣದ ಕಡೆ ಅನ್ನ ಅಂದರೆ ಹಬ್ಬದ ಊಟ. ದಿನದ ಊಟ ಮುದ್ದೆ, ಸೊಪ್ಪುಸಾರು, ಹುರುಳಿಕಾಳು. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಮುಗಿಯಿತು, ನಾಲೆ ಬಂತು, ಭತ್ತ-ಕಬ್ಬು ಬಂತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು. ಇದನ್ನು ನಾನು ಶಾಪ ಅಂತ ಹೇಳ್ತಿಲ್ಲ. ನೀರು ಬಂದದ್ದರಿಂದಲೇ ನನ್ನಂಥವರು ಕಾಲೇಜಿನ ಮುಖ ನೋಡಿದ್ದು. ಆದರೆ ಅನ್ನ ಮತ್ತು ಸಕ್ಕರೆ ಅಗ್ಗವಾದ ಅದೇ ಹೊತ್ತಿಗೆ ಮೈಕೈ ದುಡಿಮೆ ಕಡಿಮೆಯಾಯಿತು. ಟ್ರ್ಯಾಕ್ಟರ್ ಬಂತು, ಬೋರ್‌ವೆಲ್ ಬಂತು, ಮನೆಮನೆಗೂ ಬೈಕ್ ಬಂತು. ಹಾಲು ಹಾಕೋಕೆ ಡೇರಿಗೆ ನಡೆದು ಹೋಗುತ್ತಿದ್ದವರು ಸ್ಕೂಟರಲ್ಲಿ ಹೋಗುತ್ತಾರೆ. ಗದ್ದೆಯಲ್ಲಿ ನಾಟಿ ಹಾಕುತ್ತಿದ್ದವರ ಮಗಳು ಹಾಸನದ ಗಾರ್ಮೆಂಟ್ಸಿನಲ್ಲಿ ಎಂಟು ಗಂಟೆ ಹೊಲಿಗೆ ಮಿಷನ್ ಮುಂದೆ ಕೂತಿರುತ್ತಾಳೆ. ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಹಾಸನದ ಸಾವುಗಳ ವರದಿ ಆಟೊ, ಕ್ಯಾಬ್ ಚಾಲಕರನ್ನು ಬೇರೆಯಾಗಿ ಗುರುತಿಸಿದ್ದು ಸುಮ್ಮನೆ ಅಲ್ಲ. ಹಗಲಿಡೀ ಕೂರೋದು, ಸಿಕ್ಕಾಗ ತಿನ್ನೋದು, ಅರೆಬರೆ ನಿದ್ದೆ. ಬೊಜ್ಜಿಗೆ ಇದಕ್ಕಿಂತ ಒಳ್ಳೆ ರೆಸಿಪಿ ಇಲ್ಲ.

ಇನ್ನು ತಿನಿಸು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಹುಡುಕಿದರೆ ಹಾಸನ ಜಿಲ್ಲೆಯ ಹಳ್ಳಿಗಳಿಗೇ ಬರುತ್ತೇವೆ. ಬನ್ನು, ಖಾರ, ದಿಲ್‌ಪಸಂದ್ ನಮ್ಮ ಹೆಮ್ಮೆಯೇ. ಆಲೂಗಡ್ಡೆಗೆ ಹೆಸರಾದ ಜಿಲ್ಲೆಯೂ ನಮ್ಮದೇ. ಆದರೆ ವಾರಕ್ಕೊಮ್ಮೆ ಸಂತೆಯಿಂದ ಬರುತ್ತಿದ್ದ ಬನ್ನು ಬೇರೆ, ಶಾಲೆ ಗೇಟಿನ ಎದುರು ಐದು ರೂಪಾಯಿ ಪ್ಯಾಕೆಟ್ಟಿನಲ್ಲಿ ವರ್ಷವಿಡೀ ನೇತಾಡುವ ಕುರುಕಲು ಬೇರೆ. ಕೆವಿನ್ ಹಾಲ್ ಅವರೇ 2019ರಲ್ಲಿ ಇನ್ನೊಂದು ಪ್ರಯೋಗ ಮಾಡಿದರು. 20 ಜನರನ್ನು ಸಂಶೋಧನಾ ಕೇಂದ್ರದಲ್ಲೇ ಇಟ್ಟುಕೊಂಡು ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಆಹಾರ, ಎರಡು ವಾರ ಮಾಮೂಲಿ ಅಡುಗೆ ಕೊಟ್ಟರು. ಮುಂದಿಟ್ಟ ಎರಡೂ ಬಗೆಯ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮ. ಎಷ್ಟು ಬೇಕಾದರೂ ತಿನ್ನಿ ಅಂದರು. ಸಂಸ್ಕರಿತ ಆಹಾರದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಸರಾಸರಿ 0.9 ಕೆ.ಜಿ. ಏರಿದರು. ಇನ್ನೊಂದರಲ್ಲಿ ಅಷ್ಟೇ ಇಳಿದರು. ಜನ ಅವರೇ, ಮನಸ್ಸು ಅದೇ. ಬದಲಾದದ್ದು ತಟ್ಟೆ.

ಮನೆ ಅಡುಗೆ ತಿನ್ನೋರು ಸೇಫ್ ಅಂತಲೂ ಅಲ್ಲ. 2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಆಹಾರ ಅಧ್ಯಯನದಂತೆ ಭಾರತೀಯರ ಕ್ಯಾಲೊರಿಯಲ್ಲಿ ಶೇ. 62 ಕಾರ್ಬೋಹೈಡ್ರೇಟಿನಿಂದ, ಅದರಲ್ಲೂ ಪಾಲಿಶ್ ಅಕ್ಕಿ, ಮಿಲ್ಲಿನ ಹಿಟ್ಟು, ಸಕ್ಕರೆಯಿಂದ ಬರುತ್ತದೆ. ಪ್ರೋಟೀನ್ ಕಡಿಮೆ. ಎಣ್ಣೆಯ ತಲಾವಾರು ಬಳಕೆ ವರ್ಷಕ್ಕೆ 20 ಕೆ.ಜಿ.ಯ ಹತ್ತಿರ ಇದೆ. ಐಸಿಎಂಆರ್ ಹೇಳೋದು 12. ಇದರಲ್ಲಿ ಬಡವರ ತಪ್ಪೇನೂ ಇಲ್ಲ. ದಿನಗೂಲಿಯಲ್ಲಿ ಐದು ಜನರ ಹೊಟ್ಟೆ ತುಂಬಿಸಬೇಕು ಅಂದರೆ ಅಂಗಡಿಯಲ್ಲಿ ಅತಿ ಅಗ್ಗಕ್ಕೆ ಸಿಗುವ ಕ್ಯಾಲೊರಿ ಯಾವುದು? ಅಕ್ಕಿ, ಎಣ್ಣೆ, ಸಕ್ಕರೆ. ತೊಗರಿಬೇಳೆ, ಮೊಟ್ಟೆ, ಹಣ್ಣು ಅಲ್ಲ.

ಮೈಸೂರಿನ ಮಕ್ಕಳು ಹೇಳಿದ ಕಥೆ

ಭಾರತೀಯರಿಗೆ ಗೆರೆ ಯಾಕೆ ಕೆಳಗಿದೆ ಅಂತ ಕೇಳಿದ್ದೆನಲ್ಲ? ಉತ್ತರ ಹಾಸನದಿಂದ ಮೂರು ಗಂಟೆ ದಾರಿಯಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ನಮ್ಮ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿತ್ತು. ಆ ದಾಖಲೆ ಹಿಡಿದು ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ದಶಕಗಳ ಸಂಶೋಧನೆ ನಡೆಸಿದರು. 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಅಲ್ಲಿ ಕಂಡದ್ದು: ನಮ್ಮ ಕೂಸುಗಳು ಹುಟ್ಟುವಾಗ ಯುರೋಪಿನ ಕೂಸುಗಳಿಗಿಂತ ತೂಕದಲ್ಲಿ ಚಿಕ್ಕವು, ಸ್ನಾಯು ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆ ಇಲ್ಲ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ ಬಾಲ್ಯದಲ್ಲೇ ಕೊಬ್ಬೂ ಹೆಚ್ಚು, ಇನ್ಸುಲಿನ್ ಪ್ರತಿರೋಧವೂ ಹೆಚ್ಚು.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಇದನ್ನೇ ‘ತೆಳ್ಳಗಿನ ದಪ್ಪ’ ದೇಹ ಅಂದರು. 2004ರಲ್ಲಿ ಅವರು ಬ್ರಿಟನ್ನಿನ ಸಹೋದ್ಯೋಗಿ ಯಡ್ಕಿನ್ ಜೊತೆ ಲ್ಯಾನ್ಸೆಟ್‌ನಲ್ಲಿ ತಮ್ಮದೇ ಫೋಟೊ ಹಾಕಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ದೇಹದ ಕೊಬ್ಬು ಯಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2.

ಇದರ ರಾಜಕೀಯ ಅರ್ಥ ದೊಡ್ಡದು. ತಾಯಿ ಹಸಿದಿದ್ದರೆ ಮಗುವಿನ ದೇಹ ಬರಗಾಲಕ್ಕೆ ಸಿದ್ಧವಾಗಿ ಹುಟ್ಟುತ್ತದೆ. ಆಮೇಲೆ ಅದು ಬೆಳೆಯೋದು ಬೇಕರಿ, ಬೈಕು, ಮೊಬೈಲ್ ಇರುವ ಲೋಕದಲ್ಲಿ. ಬಡತನ ಮತ್ತು ಬೊಜ್ಜು ಬೇರೆ ಬೇರೆ ಇಲಾಖೆಯ ಸಮಸ್ಯೆಗಳಲ್ಲ. ಒಂದೇ ಸಮಸ್ಯೆಯ ಹಿಂದಿನ ಮತ್ತು ಮುಂದಿನ ಅಧ್ಯಾಯ. ಅಂಗನವಾಡಿಯಲ್ಲಿ ಗರ್ಭಿಣಿಗೆ ಕೊಡುವ ಊಟ ಇವತ್ತಿನ ಹಸಿವಿಗೆ ಮಾತ್ರ ಅಲ್ಲ, 2055ರ ಹೃದಯಾಘಾತಕ್ಕೂ ಮದ್ದು.

ಸರ್ಕಾರದಿಂದ ಆಗುತ್ತಾ?

ಪ್ರಾಮಾಣಿಕ ಉತ್ತರ ಕೊಡೋದಾದರೆ, ಈಗಾಗಲೇ ದಪ್ಪ ಆಗಿರುವ ವಯಸ್ಕರ ಪ್ರಮಾಣವನ್ನು ಕಾನೂನಿನ ಬಲದಿಂದ ದೊಡ್ಡದಾಗಿ ಇಳಿಸಿ ತೋರಿಸಿದ ದೇಶ ಇಲ್ಲ. ಆದರೆ ಜನ ಏನು ಕೊಳ್ಳುತ್ತಾರೆ, ಕಂಪನಿಗಳು ಏನು ತಯಾರಿಸುತ್ತವೆ ಅನ್ನೋದನ್ನ ಬದಲಿಸಿದ ದೇಶಗಳಿವೆ.

ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷ ಖರೀದಿ ಸರಾಸರಿ ಶೇ. 6ರಷ್ಟು ಇಳಿಯಿತು, ಬಡ ಕುಟುಂಬಗಳಲ್ಲಿ ಇನ್ನೂ ಹೆಚ್ಚು. ಚಿಲಿ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲೊರಿ ಮಿತಿ ಮೀರಿದ ಪ್ಯಾಕೆಟ್‌ಗಳ ಮುಂಭಾಗದಲ್ಲೇ ಕಪ್ಪು ಎಂಟುಮೂಲೆಯ ಎಚ್ಚರಿಕೆ ಹಾಕಿಸಿತು, ಮಕ್ಕಳಿಗೆ ಗುರಿಯಿಟ್ಟ ಜಾಹೀರಾತು ನಿಲ್ಲಿಸಿತು, ಶಾಲೆಯೊಳಗೆ ಮಾರಾಟ ನಿಷೇಧಿಸಿತು. ಮೂರೂ ಒಟ್ಟಿಗೆ ಬಂದಾಗ ಸಿಹಿ ಪಾನೀಯದ ಖರೀದಿ ಶೇ. 24ರ ಹತ್ತಿರ ಕುಸಿಯಿತು. ಬ್ರಿಟನ್ 2018ರಲ್ಲಿ ಹಾಕಿದ ತೆರಿಗೆ ಇನ್ನೂ ಜಾಣತನದ್ದು. ಪಾನೀಯದಲ್ಲಿ ಸಕ್ಕರೆ ಹೆಚ್ಚಿದಷ್ಟೂ ತೆರಿಗೆ ಹೆಚ್ಚು. ತೆರಿಗೆ ಜಾರಿಗೆ ಬರುವ ಮೊದಲೇ ಕಂಪನಿಗಳು ಸಕ್ಕರೆ ಇಳಿಸಿಕೊಂಡವು. 10–11 ವರ್ಷದ ಹುಡುಗಿಯರಲ್ಲಿ ಬೊಜ್ಜು ನಿರೀಕ್ಷಿಸಿದ್ದಕ್ಕಿಂತ ಶೇ. 8ರಷ್ಟು ಕಡಿಮೆಯಾಯಿತು ಅಂತ ಒಂದು ಅಧ್ಯಯನ ಹೇಳಿತು. ಹುಡುಗರಲ್ಲಿ ಆ ಪರಿಣಾಮ ಕಾಣಲಿಲ್ಲ ಅಂತಲೂ ಹೇಳಿತು. ಡೆನ್ಮಾರ್ಕ್ 2011ರಲ್ಲಿ ಕೊಬ್ಬಿನ ಮೇಲೆ ತೆರಿಗೆ ಹಾಕಿ, ವರ್ಷ ಕಳೆದ ಸ್ವಲ್ಪದರಲ್ಲೇ ಕೈಬಿಡುವ ತೀರ್ಮಾನಕ್ಕೆ ಬಂತು. ಜನ ಗಡಿ ದಾಟಿ ಜರ್ಮನಿಯಲ್ಲಿ ಬೆಣ್ಣೆ ಕೊಂಡರು.

ಅಂದರೆ ಪಾಠ ಸ್ಪಷ್ಟ. ಒಂದೇ ಒಂದು ಬಾಣದಿಂದ ಆಗಲ್ಲ. ಬೆಲೆ, ಲೇಬಲ್, ಜಾಹೀರಾತು, ಶಾಲೆ ಎಲ್ಲ ಒಟ್ಟಿಗೆ ಎಳೆದರೆ ಗಾಡಿ ಅಲ್ಲಾಡುತ್ತದೆ.

ನಮ್ಮ ಸರ್ಕಾರಗಳು ಮಾಡಿದ್ದೇನು

ದೆಹಲಿಯಿಂದ ಶುರು ಮಾಡೋಣ. 2025ರ ಫೆಬ್ರವರಿಯಲ್ಲಿ ಪ್ರಧಾನಿ ಮೋದಿ ‘ಮನ್ ಕಿ ಬಾತ್’ನಲ್ಲಿ ಬೊಜ್ಜಿನ ಬಗ್ಗೆ ಮಾತಾಡಿ, ಎಣ್ಣೆ ಶೇ. 10 ಕಡಿಮೆ ಮಾಡಿ ಅಂದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ಬಿಸ್ಕತ್ತು, ಚಾಕೊಲೇಟ್, ಐಸ್‌ಕ್ರೀಂ ಶೇ. 18ರಿಂದ 5ಕ್ಕೆ ಇಳಿದವು. ಪ್ಯಾಕೆಟ್ ಕುರುಕಲು ಶೇ. 12ರಿಂದ 5ಕ್ಕೆ. ಮೈಕಿನಲ್ಲಿ ‘ಕಡಿಮೆ ತಿನ್ನಿ’, ಬಿಲ್ಲಿನಲ್ಲಿ ‘ಜಾಸ್ತಿ ಕೊಳ್ಳಿ’. ಜನ ಯಾವುದನ್ನು ಕೇಳ್ತಾರೆ ಹೇಳಿ?

ಗ್ಯಾಸ್ ತುಂಬಿದ ತಂಪು ಪಾನೀಯಕ್ಕೆ ಶೇ. 40 ಇದೆ, ನಿಜ. ಆದರೆ ಬಾಟಲಿಯಲ್ಲಿ ಸಕ್ಕರೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಗ್ಯಾಸ್ ಇಲ್ಲದ ಹಣ್ಣಿನ ರಸದ ಪಾನೀಯ, ಅದರಲ್ಲಿ ಎಷ್ಟೇ ಸಕ್ಕರೆ ಇರಲಿ, ಶೇ. 12ರಿಂದ 5ಕ್ಕೆ ಇಳಿಯಿತು. ಈ ತೆರಿಗೆ ಗ್ಯಾಸಿನ ಮೇಲೆ, ಸಕ್ಕರೆ ಮೇಲಲ್ಲ. ಬ್ರಿಟನ್ನಿನ ತೆರಿಗೆ ಕೆಲಸ ಮಾಡಿದ್ದು ಕಂಪನಿಗೆ ‘ಸಕ್ಕರೆ ಇಳಿಸಿದರೆ ಲಾಭ’ ಅನ್ನೋ ಇಳಿಜಾರು ಹಾಕಿಕೊಟ್ಟಿದ್ದಕ್ಕೆ. ನಮ್ಮಲ್ಲಿ ಆ ಇಳಿಜಾರೇ ಇಲ್ಲ.

ಕರ್ನಾಟಕ ತನ್ನಷ್ಟಕ್ಕೆ ಇದನ್ನು ಸರಿಪಡಿಸೋಕೂ ಆಗಲ್ಲ. ಕೇರಳ 2016ರಲ್ಲಿ ಬರ್ಗರ್, ಪಿಜ್ಜಾಗಳ ಮೇಲೆ ಶೇ. 14.5ರ ‘ಕೊಬ್ಬಿನ ತೆರಿಗೆ’ ಹಾಕಿತ್ತು. ಮರುವರ್ಷ ಜಿಎಸ್‌ಟಿ ಬಂದು ಅದನ್ನು ನುಂಗಿತು. ನಮ್ಮ ಮಕ್ಕಳ ಹೊಟ್ಟೆಯ ಪ್ರಶ್ನೆ ಒಕ್ಕೂಟ ವ್ಯವಸ್ಥೆಯ ಪ್ರಶ್ನೆಯೂ ಆಗಿರೋದು ಹೀಗೆ.

ಲೇಬಲ್ ವಿಷಯದಲ್ಲಿ ಎಫ್‌ಎಸ್‌ಎಸ್‌ಎಐ 2022ರಲ್ಲಿ ಕರಡು ತಂದದ್ದು ನಕ್ಷತ್ರದ ರೇಟಿಂಗಿಗೆ. ಚಿಲಿಯ ಎಚ್ಚರಿಕೆ ಚಿಹ್ನೆ ‘ಇದು ಜಾಸ್ತಿ’ ಅನ್ನುತ್ತದೆ. ನಕ್ಷತ್ರ ಹಾಗಲ್ಲ, ಕೆಟ್ಟ ತಿನಿಸಿಗೂ ಒಂದೆರಡು ಅಂಕ ಕೊಟ್ಟು ಪಾಸು ಮಾಡುತ್ತದೆ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಏಪ್ರಿಲ್‌ನಲ್ಲಿ ಕೋರ್ಟು ಬೇಗ ತೀರ್ಮಾನಿಸಿ ಅಂತ ಗಡುವು ಕೊಡಬೇಕಾಯಿತು. 2020ರ ಶಾಲಾ ಆಹಾರ ನಿಯಮದಂತೆ ಶಾಲೆಯ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರುವಂತಿಲ್ಲ. ಹಾಸನದಲ್ಲೋ ಅರಕಲಗೂಡಿನಲ್ಲೋ ಯಾವುದಾದರೂ ಶಾಲೆ ಗೇಟಿನಿಂದ 50 ಮೀಟರ್ ನಡೆದು ನೋಡಿ. ನಿಯಮ ಇದೆ ಅಂತ ಯಾರಿಗೆ ಗೊತ್ತು?

ಈಗ ಬೆಂಗಳೂರು. ಇಲ್ಲಿ ಮೆಚ್ಚಬೇಕಾದದ್ದಿದೆ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ, ಹಾಲು, ರಾಗಿ ಮಾಲ್ಟ್ ಕೊಡುವುದು ಒಳ್ಳೆಯ ಪ್ರೋಟೀನ್ ನೀತಿ. 30 ದಾಟಿದವರ ಬಿಪಿ, ಶುಗರ್ ಪರೀಕ್ಷೆಗೆ ಗೃಹ ಆರೋಗ್ಯ ಯೋಜನೆ ಬಂದಿದೆ. ಹಾಸನದ ಸಾವುಗಳ ನಂತರ ಹೃದಯ ಜ್ಯೋತಿ ಯೋಜನೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವ ಮಾತು ಬಂತು. ಎದೆನೋವು ಬಂದವರ ಜೀವ ಉಳಿಸೋಕೆ ಇದು ಬೇಕೇ ಬೇಕು. ಆದರೆ ಇದು ನದಿಯ ಕೆಳಗಡೆ ಬಲೆ ಹಿಡಿದು ನಿಂತ ಹಾಗೆ. ಮೇಲ್ಗಡೆ ಜನ ಯಾಕೆ ಬೀಳುತ್ತಿದ್ದಾರೆ?

ಮೇಲ್ಗಡೆ ಇರೋದು ನ್ಯಾಯಬೆಲೆ ಅಂಗಡಿ. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವಿನ ವಿರುದ್ಧದ ದೊಡ್ಡ ಗೆಲುವು, ಅದನ್ನು ಹೀಗಳೆಯುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ 2025ರ ಅಕ್ಟೋಬರಿನಲ್ಲಿ ಸಂಪುಟ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಇಂದಿರಾ ಕಿಟ್ ಕೊಡಲು ಒಪ್ಪಿದಾಗ ಪಟ್ಟಿಯಲ್ಲಿ ತೊಗರಿಬೇಳೆಯ ಜೊತೆ ಎಣ್ಣೆ, ಸಕ್ಕರೆ, ಉಪ್ಪೂ ಇದ್ದವು. ಬೇಳೆಗೆ ಚಪ್ಪಾಳೆ. ಸಕ್ಕರೆ ಯಾಕೆ? ಅದರ ಜಾಗದಲ್ಲಿ ಹೆಸರುಕಾಳೋ ಹುರುಳಿಯೋ ಕಡಲೆಬೀಜವೋ ಇದ್ದರೆ ರೈತನಿಗೂ ಮಾರುಕಟ್ಟೆ, ತಟ್ಟೆಗೂ ಪ್ರೋಟೀನ್. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ನಮ್ಮ ಜಿಲ್ಲೆಯ ರೈತ ಬೆಳೆದ ರಾಗಿಯನ್ನು ಸರ್ಕಾರ ಕೊಂಡು ನಮ್ಮದೇ ಜಿಲ್ಲೆಯ ಪಡಿತರದಲ್ಲಿ ಹೆಚ್ಚಿಸಬಹುದು. ರಾಗಿ ಏನೂ ಮಾಯಾಮಂತ್ರ ಅಲ್ಲ, ಮೂರು ಮುದ್ದೆ ನುಂಗಿದರೆ ಅದೂ ಕ್ಯಾಲೊರಿಯೇ. ಆದರೆ ಪಾಲಿಶ್ ಅಕ್ಕಿಯಲ್ಲಿ ಇಲ್ಲದ ನಾರು, ಸುಣ್ಣ ಅದರಲ್ಲಿದೆ, ಜೊತೆಗೆ ಸೊಪ್ಪುಸಾರನ್ನೂ ಕರೆದು ತರುತ್ತದೆ.

‘ನನ್ನ ತಟ್ಟೆಗೆ ಸರ್ಕಾರ ಯಾಕೆ ಕೈ ಹಾಕಬೇಕು?’

ಈ ಆಕ್ಷೇಪಣೆ ಬಂದೇ ಬರುತ್ತದೆ. ಮೊಟ್ಟೆ ಕೊಡಬೇಡಿ ಅಂತ ಗಲಾಟೆ ಮಾಡಿದವರನ್ನು ನೋಡಿರುವ ನಮಗೆ, ತಟ್ಟೆಯ ರಾಜಕೀಯ ಅಂದರೆ ಭಯ ಆಗೋದು ಸಹಜ. ಆದರೆ ಸರ್ಕಾರದ ಕೈ ಈಗಾಗಲೇ ನಮ್ಮ ತಟ್ಟೆಯಲ್ಲಿದೆ. ಯಾವ ಬೆಳೆಗೆ ನೀರು, ಯಾವುದಕ್ಕೆ ಬೆಂಬಲ ಬೆಲೆ, ಪಡಿತರದಲ್ಲಿ ಏನು, ಬಿಸ್ಕತ್ತಿಗೆ ಎಷ್ಟು ತೆರಿಗೆ, ಎಲ್ಲ ತೀರ್ಮಾನ ಆದಮೇಲೆ ಉಳಿದದ್ದನ್ನು ನಾವು ‘ನನ್ನ ಆಯ್ಕೆ’ ಅಂತೀವಿ. ಪ್ರಶ್ನೆ ಇರೋದು ಆ ಕೈ ಯಾರ ಪರ ಅನ್ನೋದು. ಯಾರೋ ತಿನ್ನೋದನ್ನ ನಿಷೇಧಿಸಿ ಅಂತ ನಾನು ಕೇಳುತ್ತಿಲ್ಲ. ಪ್ಯಾಕೆಟ್ ಮೇಲೆ ನಿಜ ಬರೆಯಿರಿ, ಸಕ್ಕರೆಗೆ ತಕ್ಕ ತೆರಿಗೆ ಹಾಕಿ, ಬೇಳೆ-ಮೊಟ್ಟೆ-ಸೊಪ್ಪು ಅಗ್ಗ ಮಾಡಿ ಅಂತಿದ್ದೇನೆ ಅಷ್ಟೇ.

ಇನ್ನೊಂದು ಅಪಾಯವೂ ಇದೆ. ಬೊಜ್ಜಿನ ಮಾತು ಬೇಗ ದಪ್ಪಗಿರುವವರನ್ನು ಆಡಿಕೊಳ್ಳುವ ಮಾತಾಗುತ್ತದೆ, ಅದರಲ್ಲೂ ಹುಡುಗಿಯರನ್ನು. ಅವಮಾನದಿಂದ ಯಾರ ತೂಕವೂ ಇಳಿಯಲ್ಲ. ನಾಚಿಕೆಪಟ್ಟವರು ಆಸ್ಪತ್ರೆಗೆ ಬರೋದನ್ನೇ ಬಿಡ್ತಾರೆ. 2022ರ ಅಂಕಿಅಂಶದ ಪ್ರಕಾರ ಭಾರತದ ಅರ್ಧದಷ್ಟು ವಯಸ್ಕರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ, ಹೆಂಗಸರಲ್ಲಿ ಇದು ಶೇ. 57. ಯಾಕೆ ಅಂತ ಕೇಳುವ ಮೊದಲು ಒಂದು ಸಂಜೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ನಡೆದು ನೋಡಿ. ಫುಟ್‌ಪಾತ್ ಎಲ್ಲಿದೆ? ಹಾಸನದಲ್ಲಿ ಮಹಾರಾಜ ಪಾರ್ಕ್ ಇದೆ, ಉಳಿದ ಊರಿನ ಹೆಂಗಸರು ಕತ್ತಲಾದ ಮೇಲೆ ಎಲ್ಲಿ ನಡೀಬೇಕು? ಬೀದಿದೀಪ ಕೂಡ ಆರೋಗ್ಯ ನೀತಿಯೇ.

ಹಾಗಾಗಿ ಮುಂದಿನ ಸಲ ಓಟು ಕೇಳೋಕೆ ಬಂದವರಿಗೆ ಕೇಳಬೇಕಾದ ಪ್ರಶ್ನೆಗಳು ಸರಳ. ಜಿಎಸ್‌ಟಿ ಮಂಡಳಿಯಲ್ಲಿ ಸಕ್ಕರೆ ಪ್ರಮಾಣಕ್ಕೆ ತಕ್ಕ ತೆರಿಗೆಯನ್ನು ಕರ್ನಾಟಕ ಕೇಳುತ್ತಾ? ಪಡಿತರದಲ್ಲಿ ರಾಗಿ, ಕಾಳು ಹೆಚ್ಚುತ್ತಾ? ಶಾಲೆಯ 50 ಮೀಟರ್ ನಿಯಮ ಜಾರಿ ಮಾಡೋದು ಯಾವ ಅಧಿಕಾರಿಯ ಹೊಣೆ? ಪರೀಕ್ಷೆಯಲ್ಲಿ ಶುಗರ್ ಸಿಕ್ಕವರನ್ನು ಮೂರು ತಿಂಗಳ ನಂತರ ಯಾರು ಮತ್ತೆ ನೋಡ್ತಾರೆ? ಇದನ್ನೆಲ್ಲ ಕೇಳಬೇಕಾದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ ಅನ್ನೋದನ್ನೂ ಸೇರಿಸಿ ಕೇಳಿ.

ಅಮ್ಮನ ಮಾತು ಮೀರಲಾಗದೆ ನಾನು ಎದೆ ತೋರಿಸಿಕೊಂಡೆ. ಇಸಿಜಿ ಸರಿ ಇತ್ತು. ಡಾಕ್ಟರು ಟೇಪು ಹಿಡಿದು ಸೊಂಟ ಅಳೆದು, ‘ನಾಲ್ಕು ಸೆಂಟಿಮೀಟರ್ ಜಾಸ್ತಿ ಇದೆಯಲ್ಲಪ್ಪ’ ಅಂದರು. ಆ ನಾಲ್ಕರಲ್ಲಿ ಎರಡು ನನ್ನವು, ಒಪ್ಪುತ್ತೇನೆ. ಕಾಫಿಯ ಸಕ್ಕರೆ ಬಿಟ್ಟಿದ್ದೇನೆ. ಉಳಿದ ಎರಡರ ಲೆಕ್ಕವನ್ನು ವಿಧಾನಸೌಧ ಮತ್ತು ಸಂಸತ್ತು ಕೊಡಬೇಕು.